ಹೋಲ್ಡಾನ್

ಸಾಲಗಾಮೆ ರಸ್ತೆಯ ಮೆಡಿಕಲ್ ಶಾಪಿನ ಮೇಲಕ್ಕೆ
ಹದಿನೇಳು ಮೆಟ್ಟಿಲು. ಜೀವಿತ್ ಎಣಿಸುವುದಿಲ್ಲ,
ಮೆಟ್ಟಿಲಿಗೊಂದು ಊರು ಹೇಳುತ್ತಾನೆ:
ಕಟ್ಟಾಯ, ಗೊರೂರು, ಅರಕಲಗೂಡು.
ಊರು ಮುಗಿದೂ ಮೆಟ್ಟಿಲು ಉಳಿದರೆ
ಮತ್ತೆ ಹಾಸನದಿಂದ ಹೊರಡುತ್ತಾನೆ.

ಆ ರೂಟಿನ ಕಂಡಕ್ಟರು ನಾನು.
ಯೂನಿಫಾರ್ಮಿನಲ್ಲೇ ಬಂದಿದ್ದೇನೆ,
ಬೆರಳಲ್ಲಿ ಚಿಲ್ಲರೆಯ ವಾಸನೆ.

ಮೊದಲ ದಿನ ಮುಬೀನಾ ಮೇಡಂ ಕೇಳಿದ್ದು,
"ಏನೇನು ತಿಂತಾನೆ?"
ನಾನು ತಂದಿದ್ದು ತಿನ್ನದೇ ಇರುವುದರ ಪಟ್ಟಿ.
ಡಾಕ್ಟರು, ಅಂಗನವಾಡಿ ಟೀಚರು, ನಮ್ಮತ್ತೆ,
ಅಲ್ಲಿವರೆಗೆ ಎಲ್ಲರೂ ಕೇಳಿದ್ದು ಅದನ್ನೇ.
ಹಾಳೆ ತಿರುವಿ ಹಿಂದೆ ಬರೆದೆ:
ಬಿಳಿ ಅನ್ನ, ಆರಿದ್ದು.
ಬಿಸ್ಕತ್ತು, ಮುರಿಯದೆ ಇದ್ದದ್ದು.
ಚಕ್ಕುಲಿ.
"ಕಟಕಟ ಅನ್ನೋದು ಇಷ್ಟ, ಅಲ್ವಾ?"
ಕೇಳಿದ್ದು ನನ್ನನ್ನಲ್ಲ, ಅವನನ್ನು.
ಉತ್ತರಕ್ಕೆ ಕಾದರು. ಕಾದೇ ಇದ್ದರು.
ಕೆಳಗೆ ಮೂರು ಸಿಟಿ ಬಸ್ಸು ಹೋದವು.

"ಊಟ ಅಂದರೆ ಹೆದರಿಕೆ ಯಾವಾಗಿಂದ?"

ಆ ದಿನ ಹೇಳಲಿಲ್ಲ. ಮೂರನೇ ವಾರ ಹೇಳಿದೆ.
ಏಳು ತಿಂಗಳಿಗೇ ಹುಟ್ಟಿದ್ದು. ಮೂಗಲ್ಲಿ ನಳಿಕೆ, ಕೆನ್ನೆಗೆ ಪ್ಲಾಸ್ಟರು.
ಅದು ಆಸ್ಪತ್ರೆಯವರು ಮಾಡಿದ್ದು.
ಮನೆಗೆ ಬಂದ ಮೇಲೆ ಮಾಡಿದ್ದು ನಾನು:
ಕಾಲು ನೀಡಿ ಕೂತು, ನಡುವೆ ಮಲಗಿಸಿ,
ಎರಡೂ ಕೈ ತೊಡೆಯಡಿ ಅದುಮಿ.
ಅತ್ತೆ ಮೂಗು ಹಿಡಿದರು, ನಾನು ಒಳಲೆ ಹಿಡಿದೆ.
ತವರಿನ ಬೆಳ್ಳಿ ಒಳಲೆ. ನಾನೂ ಅದರಲ್ಲೇ ಕುಡಿದು ಬೆಳೆದೆನಂತೆ.
ಉಸಿರಿಗೆಂದು ಬಾಯಿ ತೆರೆದಾಗ ರಾಗಿ ಸರಿ ಸುರಿದೆ.
ಅತ್ತರೇನು, ಒಳಗೆ ಹೋಯಿತಲ್ಲ ಎಂದು
ಒಳಲೆ ತೊಳೆಯುತ್ತ ಸಮಾಧಾನ ಪಟ್ಟೆ.
ಎರಡು ವರ್ಷ. ದಿನಕ್ಕೆ ಮೂರು ಟ್ರಿಪ್ಪು.

ಮೇಡಂ ಬೈಯಲಿಲ್ಲ.
ಬೈದಿದ್ದರೆ ಎದ್ದು ಬರುತ್ತಿದ್ದೆ, ಸುಲಭವಾಗುತ್ತಿತ್ತು.
"ನೀವೂ ಹೆದರಿದ್ರಿ" ಅಂದು
ಎದ್ದು ಫ್ಯಾನು ಆರಿಸಿದರು. ಅದರ ಸದ್ದು ಅವನಿಗಾಗದು.

ಇಲ್ಲಿ ಕುರ್ಚಿಗೆ ಬೆಲ್ಟಿಲ್ಲ.
ಮೇಜಿನಡಿ ಕೂತರೆ ಅದೂ ಊಟದ ಜಾಗವೇ.
ಬೇಯಿಸಿದ ಆಲೂಗಡ್ಡೆ ತಟ್ಟೆಯಲ್ಲಿ ಸುಮ್ಮನಿರುತ್ತದೆ,
ಪಕ್ಕದ ಸೀಟಿನ ಗುರುತಿಲ್ಲದ ಪ್ರಯಾಣಿಕನ ಹಾಗೆ.
ಒಂದು ವಾರ ಅದನ್ನು ನೋಡಿದ.
ಇನ್ನೊಂದು ವಾರ ಪೆನ್ಸಿಲಿನಿಂದ ಮುಟ್ಟಿದ.
"ದುಡ್ಡು ಕೊಟ್ಟು ಆಲೂಗಡ್ಡೆ ನೋಡೋಕೆ ಹೋಗ್ತೀಯಾ?
ಸಂತೇಲಿ ಬಿಟ್ಟಿ ತೋರಿಸ್ತಾರಲ್ಲೇ" ಅಂದರು ಅತ್ತೆ.
ನನಗೂ ನಗು ಬಂತು.

ಊರ ಹೆಸರು ಬಿಟ್ಟು ಬೇರೆ ಮಾತು ಬೇಡವೇ ಎಂದೆ.
"ಅದೂ ಮಾತೇ. ಯಾವಾಗ ಯಾವ ಊರು ಅಂತಾನೆ, ಬರೆದಿಡಿ."
ಹಳೇ ಟ್ರಿಪ್ ಶೀಟಿನ ಬೆನ್ನಿಗೆ ಬರೆದೆ.
ಸ್ನಾನಕ್ಕೆ ಗೊರೂರು, ಅಲ್ಲಿ ಡ್ಯಾಮಿದೆ.
ನಿದ್ದೆಗೆ ಅರಕಲಗೂಡು, ಕೊನೇ ಸ್ಟಾಪು.
ಐದು ವರ್ಷ ಇವನು ಹೇಳುತ್ತಲೇ ಇದ್ದ,
ನಾನು ಟಿಕೆಟ್ ಹರಿಯುತ್ತಿದ್ದೆ.

ಇವತ್ತು ಚಮಚ ಎತ್ತಿದ್ದು ನಾನೇ. ಹಳೇ ಕೈ.
ಆಲೂಗಡ್ಡೆಯ ಚೂರು ಅವನ ಬಾಯಿಯ ಹತ್ತಿರ,
ಇನ್ನೊಂದು ಕೈ ತಾನಾಗಿ ಗದ್ದಕ್ಕೆ.
ಅವನು ಅಳಲಿಲ್ಲ. ಮುಖ ಹೊರಳಿಸಲಿಲ್ಲ.
ಅಂಗೈಯಿಂದ ಮೇಜಿಗೆ ಒಮ್ಮೆ ಬಡಿದ,
ಆಮೇಲೆ ನನ್ನದೇ ಗಂಟಲಲ್ಲಿ:

ಹೋಲ್ಡಾನ್!

ಹನ್ನೊಂದು ವರ್ಷದ ಸರ್ವಿಸು ನನ್ನದು.
ಆ ಮಾತಿಗೆ ತುಂಬಿದ ಗಾಡಿ ಏರಿನಲ್ಲೂ ನಿಂತದ್ದು ಕಂಡಿದ್ದೇನೆ.
ಚಮಚ ನಿಂತಿತು.
ಗದ್ದದಿಂದ ಕೈ ತೆಗೆದೆ, ಮೊದಲು ಒಂದು ಬೆರಳು,
ಆಮೇಲೆ ಎಲ್ಲ.

ಆಲೂಗಡ್ಡೆ ತಟ್ಟೆಯಲ್ಲೇ ಉಳಿಯಿತು.
ಇಳಿಯುವಾಗ ಊರುಗಳನ್ನು ಹಿಂದುಮುಂದಾಗಿ ಹೇಳುತ್ತ ಬಂದವನು
ನಾಲ್ಕನೇ ಮೆಟ್ಟಿಲಲ್ಲಿ ನಿಂತ,
ಗೋಡೆಯ ಒದ್ದೆಯ ಮೇಲೆ ಬೆರಳಿಟ್ಟು.
ಎರಡನೇ ಪಾಳಿಗೆ ಹೊತ್ತಾಗಿದೆ, ಡಿಪೋದಿಂದ ಫೋನು.
ಇರಲಿ.
ಇವನು ರೈಟ್ ಅನ್ನಲಿ.