ಒಂಬತ್ತನೆಯ ಪ್ರಶ್ನೆ

ಉಪ್ಪಳದ ಬೀಡಿ ಬ್ರಾಂಚಿನ ಜಗಲಿ. ಹೆಬ್ಬೆರಳೆರಡನ್ನೂ
ಈ ತಗಡಿನ ಮೇಲಿಡಿ, ಅರ್ಧ ನಿಮಿಷ ಅಲುಗಬೇಡಿ ಎಂದೆ.
ಗೆರೆ ಬರಲಿಲ್ಲ.
ನಲವತ್ತು ವರ್ಷ ಎಲೆ ಸುರುಟಿದ ಬೆರಳು,
ರೇಷನ್ ಅಂಗಡಿಯ ಯಂತ್ರಕ್ಕೂ ಗುರುತು ಹತ್ತದ್ದು.
"ಎಲೆಯ ಹಾಗೆ, ಇದಕ್ಕೂ ನೀರು ಬೇಕು" ಎಂದು ಗುಲಾಬಿಯಕ್ಕ
ಎಲೆ ಸುತ್ತಿದ ಒದ್ದೆ ಬಟ್ಟೆಗೆ ಒತ್ತಿ, ಮತ್ತೆ ಇಟ್ಟರು.

ಬಂತು.
ಒಂದು, ಎರಡು, ತಡೆದು, ಮೂರುನಾಲ್ಕು ಒಟ್ಟಿಗೇ,
ಆಮೇಲೆ ಏನೂ ಇಲ್ಲ.
ಇಪ್ಪತ್ತೈದರ ಕಟ್ಟನ್ನು ಕಣ್ಣುಮುಚ್ಚಿ ಕಟ್ಟುವವರ
ಎದೆಗೆ ಮಾತ್ರ ಲೆಕ್ಕ ತಪ್ಪಿತ್ತು.

ಫಾರಮಿನಲ್ಲಿ: ಎದೆಬಡಿತ ಏರುಪೇರು, ಹೌದು / ಇಲ್ಲ.
"ಹಾಗಲ್ಲ. ಕೋಳಿಮರಿಯನ್ನು ಮುಷ್ಟಿಯಲ್ಲಿ
ಹಿಡಿದ ಹಾಗೆ. ನೀನು ಹಿಡಿದದ್ದುಂಟಾ?"
ಎರಡು ಚೌಕಗಳ ನಡುವಿನ ಬಿಳಿಯಲ್ಲಿ ಬರೆದೆ,
ಸಣ್ಣಕ್ಷರದಲ್ಲಿ, ಬೈಗುಳಕ್ಕೆ ಹೆದರಿ.

ಶನಿವಾರ ಐದು ಊರಿನ ಡಾಕ್ಟರರು ಪರದೆಯಲ್ಲಿ ಕೂತರು.
ಗುಲಾಬಿಯಕ್ಕ ಈಗ ಕೆ-೪೧೭.
ಇಬ್ಬರು ಅದೇ ಕಾಯಿಲೆ ಎಂದರು, ಒಬ್ಬರು ಕೈ ನಡುಗಿರಬೇಕು ಎಂದರು.
ಸೊಲ್ಲಾಪುರದಾಕೆ ಕೇಳಿದರು: ಕೋಳಿಮರಿ ಬರೆದವರು ಯಾರು?
ನಾನು ಮೈಕು ತೆರೆಯಲಿಲ್ಲ.
"ನಮ್ಮಲ್ಲೊಬ್ಬ ನೇಕಾರ ಹೇಳಿದ್ದ,
ಲಾಳಿ ನಡುದಾರಿಯಲ್ಲಿ ನಿಂತ ಹಾಗೆ ಅಂತ.
ಅದಕ್ಕೆ ಚೌಕವಿರಲಿಲ್ಲ. ಬಿಟ್ಟುಬಿಟ್ಟೆ."

ಹೊಸ ಫಾರಮು ಬಂದಿದೆ. ಒಂಬತ್ತನೆಯ ಪ್ರಶ್ನೆಗೆ
ನಾಲ್ಕು ಖಾಲಿ ಗೆರೆ.
ಮಾತ್ರೆಯ ಚೀಟಿ ಕೊಡಹೋದರೆ ಗುಲಾಬಿಯಕ್ಕ ಕೇಳಿದ್ದು ಒಂದೇ:
"ನಾನೂರ ಹದಿನಾರು ಯಾರು? ಅವಳಿಗೆ ಹೇಗುಂಟು?"
ಹೇಳುವಂತಿಲ್ಲ, ಗುಟ್ಟು ಎಂದೆ.
"ಸರಿ. ಗಟ್ಟಿ ಹಿಡಿಯಬಾರದು ಅಂತಾದರೂ ಹೇಳು. ಮರಿ ಸತ್ತೀತು."