ಮೂರನೆಯದರ ಬಿ ಸೈಡು

ಆಲ್ಬಮ್ಮುಗಳಿಗೆ ನಮ್ಮಲ್ಲಿ ಹೆಸರಿರಲಿಲ್ಲ.
ಒಂದನೆಯದು, ಎರಡನೆಯದು, ಹೀಗೆ ಏಳರವರೆಗೆ
ಹಸಿರು ಸ್ಕೆಚ್ ಪೆನ್ನಿನ ಅಂಕೆ,
ಅಮ್ಮನ ಕೊಂಕಣಿ ಕಂತಾರಾಂ ಅಳಿಸಿ
ತುಂಬಿಸಿದ ಕ್ಯಾಸೆಟ್ಟುಗಳ ಬೆನ್ನಿಗೆ.
(ಅಮ್ಮ ಮೂರು ದಿನ ಆಸ್ಟಿನ್ನನಿಗೆ
ಗಂಜಿ ಬಡಿಸಿದ್ದು ಮಾತಿಲ್ಲದೆ.)

ಹಡಗಿನ ಅಡಿಗೆಮನೆಯಲ್ಲಿದ್ದ ಮಾವ
ರಾಟರ್‌ಡ್ಯಾಮಿನಿಂದ ಹೊತ್ತು ತಂದ ಎಲ್‌ಪಿಗಳು.
ರಜೆ ಮುಗಿದರೆ ಅವೂ ಹಡಗು ಹತ್ತುವವು.
ಅಷ್ಟರೊಳಗೆ ನಕಲಾಗಬೇಕು. ವಯರು ಇಲ್ಲ.
ಸ್ಪೀಕರಿನ ಬಾಯಿಗೆ ಟೇಪ್ ರೆಕಾರ್ಡರ್ ಇಟ್ಟು
ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ
ಉಸಿರು ಹಿಡಿದು ಕೂತ ಬೋಳಾರದ ಮೇ ತಿಂಗಳು.
ಸೆಕೆ, ಹೇಳಿ ಸುಖವಿಲ್ಲ.

ಆಮೇಲೆ ಪಕ್ಷಗಳಾದವು.
ಪ್ರತಿ ಶನಿವಾರ ನಮ್ಮ ಜಗಲಿಯಲ್ಲಿ ಮೂರು ಸಲ ಚಾ.
ಕುಡ್ವರ ಪ್ರಮೋದ ಒಂದನೆಯದರವ:
‘ಉಳಿದದ್ದೆಲ್ಲ ಅದರದ್ದೇ ಬಡ್ಡಿ ಮಾರಾಯ,
ಅಸಲು ಇದ್ದದ್ದು ಅಲ್ಲಿ ಮಾತ್ರ.’
ಜಯಶೀಲ ಸಾಲ್ಯಾನನಿಗೆ ಐದನೆಯದು.
ಮೇಳದಲ್ಲಿ ಎರಡು ತಿರುಗಾಟ ಚೆಂಡೆ ಹೊತ್ತವ,
ಬೆರಳಲ್ಲಿ ಬೆಂಚು ಬಡಿದು ಏಳು ಎಣಿಸುವನು:
‘ತ್ರಿವುಡೆ ಇದು, ಸಾಚಾ ತ್ರಿವುಡೆ!
ಆ ಬಿಳಿಯರಿಗೆ ಯಾರು ಹೇಳಿಕೊಟ್ಟದ್ದು?’
ಬಂದರಿನ ಮರದ ಡಿಪೋದಿಂದ
ತಲೆಯಲ್ಲಿ ಹೊಟ್ಟು ಹೊತ್ತೇ ಬರುವ ಉಸ್ಮಾನ್ ಕುಂಞಿ
ಯಾರಿಗೂ ಬೇಡದ ಆರನೆಯದರ ವಕೀಲ.
ಹಾಡುವವ ಬಿಟ್ಟುಹೋದ ಮೇಲಿನ ಆಲ್ಬಂ ಅದು.
‘ಅದಕ್ಕೂ ಒಬ್ಬ ಬೇಡವಾ?’ ಎನ್ನುವನು, ಅಷ್ಟೇ ವಾದ.

ಕೂಗಾಟ ಏರಿ ಪಕ್ಕದ ಮನೆಯ ನಾಯಿ ಎದ್ದಾಗ
ಆಸ್ಟಿನ್ ಮೂರನೆಯದರ ಬಿ ಸೈಡು ಹಾಕುವನು.
ಇಡೀ ಬದಿಗೆ ಒಂದೇ ಹಾಡು.
ಹನ್ನೊಂದನೆಯ ನಿಮಿಷಕ್ಕೆ ಕೀಬೋರ್ಡು ಬಿಡುತ್ತದೆ, ಡ್ರಮ್ಮು ಬಿಡುತ್ತದೆ,
ಬಾಸು ಒಂಟಿಯಾಗಿ ಕತ್ತಲಲ್ಲಿ ತಡವುತ್ತಿರುವಾಗ
ಎಲ್ಲಿಂದಲೋ, ದೂರದಿಂದ
ಪೋಂ. ಪೋಂ ಪೋಂ.

ಯಾರೂ ಉಸಿರೆತ್ತುವುದಿಲ್ಲ.
‘ಮಂಜಿನಲ್ಲಿ ದಾರಿ ತಪ್ಪಿದ ಹಡಗು,’ ಆಸ್ಟಿನ್.
‘ಇಲ್ಲ, ಕಯಾಮತ್ತಿನ ಕಹಳೆ,’ ಉಸ್ಮಾನ್.
ಜಯಶೀಲ ಮಾತ್ರ ಎಣಿಸಿ ಎಣಿಸಿ ಸೋತ:
ತಾಳದೊಳಗೂ ಇಲ್ಲ, ಹೊರಗೂ ಇಲ್ಲ, ಜೀನಿಯಸ್ಸು!
ಜಗಳ ಅಲ್ಲಿಗೆ ಮುಗಿದಂತೆ.
ಎಲ್ಲರಿಗೂ ತಮ್ಮದು ಬಿಟ್ಟರೆ ಮೂರನೆಯದು.

ನಾನು ಚಾ ತರುವ ತಂಗಿ.
ಆ ಮೇ ತಿಂಗಳ ಮಧ್ಯಾಹ್ನ
ಚಪ್ಪಲಿ ಹಾಕದೆ ಗೇಟಿಗೆ ಓಡಿದವಳು,
ಮೀನಿನ ಬಾಬಣ್ಣನ ಸೈಕಲ್ಲಿಗೆ ಅಡ್ಡ ನಿಂತವಳು.
ಮೂರು ಸಲ ಹಾರ್ನ್ ಒತ್ತಿ ಆಗಿತ್ತು.
ಬಾಯಿ ಮುಚ್ಚಿಸಿದ ತಪ್ಪಿಗೆ
ಎರಡು ರೂಪಾಯಿಯ ಬೂತಾಯಿ ತೆಗೆದುಕೊಂಡೆ.
ರಾತ್ರಿ ಪುಳಿಮುಂಚಿ. ಎಲ್ಲರೂ ಉಂಡರು.

ಮೊನ್ನೆ ಜಯಶೀಲನ ಕದ್ರಿಯ ಫ್ಲ್ಯಾಟಿನಲ್ಲಿ
ಜಪಾನಿನಿಂದ ತರಿಸಿದ ಹೊಸ ಎಲ್‌ಪಿ,
ಮೊದಲ ಸಲ ಕಂಡೆವು ಮೂರನೆಯದರ ಮುಖ:
ಹಿಮದ ಬಯಲು, ಒಂದು ಖಾಲಿ ಕುರ್ಚಿ.
ಮೂವರಿಗೆ ಕನ್ನಡಕ, ಒಬ್ಬನಿಗೆ ಕಿವಿಯ ಮಿಷಿನ್.
ಹತ್ತು ನಿಮಿಷ. ಹನ್ನೊಂದು.
ಬಾಸು ತಡವಿತು, ತಡವಿತು,
ಡ್ರಮ್ಮು ಬಂದೇಬಿಟ್ಟಿತು.

‘ತೆಗೆದುಬಿಟ್ಟಿದ್ದಾರೆ,’ ಪ್ರಮೋದ ಮೆಲ್ಲನೆ ಹೇಳಿದ.
‘ರೀಮಾಸ್ಟರ್ ಮಾಡುವ ಅಧಿಕಪ್ರಸಂಗಿಗಳು!’
‘ಆತ್ಮವನ್ನೇ ಕಿತ್ತಿದ್ದಾರೆ ಬೇವರ್ಸಿಗಳು!’
ಕಂಪನಿಗೆ ಕಾಗದ ಬರೆಯುವುದೆಂದಾಯಿತು.
ಇಂಗ್ಲಿಷು ಯಾರದ್ದು ಎಂದು ಇನ್ನೊಂದು ಜಗಳ.
ಉಸ್ಮಾನ್ ಒಬ್ಬ ಸೂಜಿ ಎತ್ತಿ
ಅದೇ ಜಾಗಕ್ಕೆ ಮತ್ತೆ ಇಟ್ಟ, ಮತ್ತೆ ಇಟ್ಟ.

ಬಾಯಿಯವರೆಗೆ ಬಂದದ್ದನ್ನು
ಬನ್ಸಿನ ಜೊತೆ ನುಂಗಿದೆ.
ಹೇಳಿದರೆ ಬಾಬಣ್ಣನಿಗೇನು ರಾಯಲ್ಟಿ ಬರುತ್ತದಾ?

ಅಂದ ಹಾಗೆ, ನನ್ನದು ನಾಲ್ಕನೆಯದು.
ಯಾಕೆಂದು ಯಾರಾದರೂ ಕೇಳಿದರೆ ಹೇಳಲು
ನಲವತ್ತು ವರ್ಷದಿಂದ ತಯಾರಿದ್ದೇನೆ.