ಒಂದು ಕೂಗು ಹೆಚ್ಚಿಗೆ

ಹೊಸನಗರದ ಸೊಸೈಟಿಯಲ್ಲಿ ನಾನು ಕ್ಯಾಶಿಯರ್.
ಹತ್ತೊಂಬತ್ತು ವರ್ಷ, ಸಂಜೆ ಗಲ್ಲಾ ಮುಚ್ಚುವಾಗ
ಒಂದು ರೂಪಾಯಿ ಅತ್ತಿತ್ತ ಆದದ್ದಿಲ್ಲ.
ಹರಿದ ನೋಟು, ಮೀನಿನ ವಾಸನೆಯ ನೋಟು,
ಬೆವರಿಗೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾದ ನೋಟು,
ಎಲ್ಲವೂ ನನ್ನ ಬೆರಳಿಗೆ ಹೆದರಿ ಸಾಲಾಗಿ ನಿಲ್ಲುತ್ತವೆ.

ಆದರೆ ಕುಕ್ಕರಿನ ಕೂಗು?
ಐದು ಎಣಿಸಿ ಇಳಿಸಿದ ಬೇಳೆ
ಸಾರಿನ ತಳದಲ್ಲಿ ಕಣಕಣ ಅನ್ನುತ್ತದೆ.
ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕಾದ ಅತ್ತೆ
ಒಂದು ಬೇಳೆಯನ್ನು ಎರಡು ಬೆರಳಲ್ಲಿ ಹಿಡಿದು
ಕಿಟಕಿಯ ಬೆಳಕಿಗೆ ಒಡ್ಡಿ ನೋಡಿದರು,
ಅಕ್ಕಸಾಲಿ ಮೂಗುಬೊಟ್ಟಿನ ಹರಳು ನೋಡುವಂತೆ.
"ಲೆಕ್ಕ ಸರಿ ಇಟ್ಟಿದ್ದೀಯೇನೇ?"
ಅಷ್ಟೇ ಅಂದದ್ದು. ಅಷ್ಟು ಸಾಲದೆ!

ಗಂಡ ಧರಣೇಂದ್ರನದು ಮೂರು ವಾದ:
ಗ್ಯಾಸ್ಕೆಟ್ಟು ಸಡಿಲ; ಬೋರಿನ ನೀರು ಗಡಸು;
ಮೂರನೆಯದನ್ನು ಹೇಳುವುದರೊಳಗೆ ನಾನು ಕಣ್ಣು ಬಿಟ್ಟೆ,
ಅದು ಏನಿತ್ತೋ ಇವತ್ತಿಗೂ ಗೊತ್ತಿಲ್ಲ.

ಕಾಮತರ ಅಂಗಡಿಗೆ ಅರ್ಧ ಕೇಜಿ ಬೇಳೆ ವಾಪಸು ಒಯ್ದೆ.
ಕಾಮತರು ಕನ್ನಡಕ ಹಣೆಗೇರಿಸಿ,
"ನೋಡಿ ಮೇಡಂ, ಇಡೀ ಪೇಟೆಯ ಬೇಳೆ ಬೇಯುತ್ತದೆ,
ನಿಮ್ಮದೊಂದು ಮಾತ್ರ ಬೇಯುವುದಿಲ್ಲ ಅಂದರೆ..."
ಹಿಂದೆ ನಿಂತವರು ನಕ್ಕರು.
ಬೇಳೆಯೂ ನಾನೂ ಒಟ್ಟಿಗೆ ಮನೆಗೆ ಬಂದೆವು.

ಆಮೇಲೆ ಅನುಮಾನ ಗೋಡೆಯಾಚೆಗೆ ಹೋಯಿತು.
ನಮಗೂ ಫಿಲೋಮಿನಾ ಟೀಚರಿಗೂ ಒಂದೇ ಗೋಡೆ,
ಅವರ ಒಗ್ಗರಣೆಗೆ ನಮ್ಮಲ್ಲಿ ಸೀನು.
ಅವರ ಕೂಗನ್ನು ನನ್ನ ಖಾತೆಗೆ ಜಮಾ ಮಾಡುತ್ತಿದ್ದೇನೆ,
ಹೀಗೆಂದುಕೊಂಡು ಕಾಂಪೌಂಡಿನ ತನಕ ಹೋದರೆ
ಅವರೇ ಸೌಟು ಹಿಡಿದು ಎದುರು ಬರುತ್ತಿದ್ದಾರೆ:
"ನಿಮ್ಮ ಕುಕ್ಕರಿನ ದೆಸೆಯಿಂದ ನನ್ನ ಕುಚ್ಚಲಕ್ಕಿ
ಅರೆಬೆಂದು ಕೂತಿದೆಯಲ್ಲ ಮಾರಾಯ್ರೆ!"
ಒಪ್ಪಂದ ಆಯಿತು. ಅವರದು ಐದಕ್ಕೆ, ನಮ್ಮದು ಐದೂವರೆಗೆ.
ಸಾಕ್ಷಿಗೆ ಗೋಡೆಯ ಮೇಲಿನ ಬೆಕ್ಕು.
ಆದರೂ ಶುಕ್ರವಾರ ಕಣಕಣ. ಶನಿವಾರ ಕಣಕಣ.

ಭಾನುವಾರ. ಬೇಳೆ ತೊಳೆದಿದ್ದೇನೆ, ಅರಿಸಿನ ಹಾಕಿದ್ದೇನೆ,
ಮುಚ್ಚಳ ಇನ್ನೂ ನನ್ನ ಕೈಯಲ್ಲಿದೆ.
ಕುಕ್ಕರ್ ಕೂಗಿತು.
ನಾನು ಮುಚ್ಚಳ ನೋಡಿದೆ. ಮುಚ್ಚಳ ನನ್ನನ್ನು ನೋಡಿತು.
ಇನ್ನೊಮ್ಮೆ ಕೂಗಿತು,
ಕೊನೆಯಲ್ಲಿ ಆ ಉಸ್ಸ್ ಕೂಡ, ಚೂರೂ ಬಿಡದೆ.

"ಅಮ್ಮಾ, ಕರೆಂಟು ತಂತಿ!" ಸುನಿಧಿ ಹಿತ್ತಿಲಿಂದ ಕಿರುಚಿದಳು.
ತಂತಿಯ ಮೇಲೆ ಕರ್ರಗೆ ಮಿರುಗುವ ಹಕ್ಕಿ,
ನೆತ್ತಿಗೊಂದು ಜುಟ್ಟು, ಬಾಲದಿಂದ ಎರಡು ಎಳೆ ಇಳಿಬಿಟ್ಟು
ತುದಿಗೆ ಒಂದೊಂದು ಗರಿಯ ಚಮಚ ಕಟ್ಟಿಕೊಂಡದ್ದು.
ಭೀಮರಾಜ!
ವಿರಾಟನ ಅಡುಗೆಮನೆ ಬಿಟ್ಟು ಎಷ್ಟು ಯುಗವಾಯಿತು,
ಇನ್ನೂ ಒಲೆಯ ಕಡೆಗೇ ಕಿವಿ.
ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡಿ ಅಂದರು:
"ಪಾಪ, ಇವನ ಅಜ್ಞಾತವಾಸ ಮುಗಿದದ್ದನ್ನು
ಯಾರೂ ಹೇಳಲೇ ಇಲ್ಲವೇನೋ."

ಆವತ್ತಿನಿಂದ ಗಡಿಯಾರ ನೋಡಿ ಒಲೆ ಆರಿಸುತ್ತೇನೆ.
ಬೇಳೆ ಬೆಣ್ಣೆ. ಕಾಮತರಿಗೆ ಇನ್ನೂ ಹೇಳಿಲ್ಲ.
ಭೀಮರಾಜ ಈಗ ಧರಣೇಂದ್ರನ ಸ್ಕೂಟರ್ ಕಲಿಯುತ್ತಿದ್ದಾನೆ:
ಕೆಮ್ಮುವುದು ಥೇಟ್,
ಸ್ಟಾರ್ಟ್ ಆಗದಿರುವುದೂ ಥೇಟ್.

ನಿನ್ನೆ ಮಧ್ಯಾಹ್ನ ಸೊಸೈಟಿಯಲ್ಲಿ
ಕೊಲ್ಲೂರಯ್ಯನವರ ಹಾಲಿನ ದುಡ್ಡು ಎಣಿಸುತ್ತಿದ್ದೆ,
ಅರವತ್ತೇಳು, ಅರವತ್ತೆಂಟು,
ಕಿಟಕಿಯಾಚೆ ಎಲ್ಲೋ ಕುಕ್ಕರ್ ಕೂಗಿತು.
"ಒಂದು" ಅಂದೆ, ಗಟ್ಟಿಯಾಗಿ.
ಬೆರಳು ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ನೋಟುಗಳು ಸಾಲು ಮುರಿದು ಮೇಜಿನ ತುಂಬ ಓಡಾಡಿದವು.
"ಏನಾಯ್ತಕ್ಕಾ?" ಅಂದರು ಕೊಲ್ಲೂರಯ್ಯ.
"ಏನಿಲ್ಲ, ಕೂತ್ಕೊಳ್ಳಿ,
ಇನ್ನೂ ನಾಲ್ಕು ಆಗಬೇಕು."